ನಗರದ ನದಿ ಮತ್ತು ಹಸುರುದಾರಿ: ಬ್ರಾಂಕ್ಸ್ ನದಿಯ ಎರಡು ಉದ್ಧಾರಗಳು

೧. ವಿಷಯ ಪ್ರವೇಶ

ನಗರಗಳು ನದಿಗಳ ದಡದಲ್ಲಿ ಹುಟ್ಟಿದುವೆಂಬುದು ಭೂಗೋಳಶಾಸ್ತ್ರದ ಮೊದಲ ಪಾಠಗಳಲ್ಲಿ ಒಂದು. ಬೆಳೆದ ಮೇಲೆ ಅದೇ ನಗರಗಳು ತಮ್ಮ ನದಿಗಳಿಗೆ ಬೆನ್ನು ಹಾಕಿ ನಿಂತುವೆಂಬುದೂ ಅಷ್ಟೇ ನಿಜವಾದ ಸಂಗತಿ. ಕುಡಿಯುವ ನೀರು ದೂರದ ಜಲಾಶಯಗಳಿಂದ ಕೊಳವೆಯಲ್ಲಿ ಬರತೊಡಗಿದ ಕೂಡಲೆ ಪಕ್ಕದ ಹೊಳೆಯ ಮೇಲಣ ಅಕ್ಕರೆ ತಪ್ಪಿತು, ಹೊಳೆ ಚರಂಡಿಯಾಯಿತು. ಚರಂಡಿಯಾದುದನ್ನು ಕಣ್ಣಿಗೆ ಬೀಳದಂತೆ ಗೋಡೆಯ ಹಿಂದಕ್ಕೆ, ಹೆದ್ದಾರಿಯ ಅಡಿಗೆ, ಕಾರ್ಖಾನೆಯ ಹಿತ್ತಿಲಿಗೆ ಸರಿಸುವುದು ಅನಂತರದ ಕ್ರಮ. ಕಳೆದ ಅರ್ಧ ಶತಮಾನದಲ್ಲಿ ಪ್ರಪಂಚದ ಹಲವು ನಗರಗಳು ಈ ಕ್ರಮವನ್ನು ತಿರುಗುಮುರುಗು ಮಾಡಲು ಯತ್ನಿಸಿವೆ. ಹಾಳುಬಿದ್ದ ನದಿಯ ಎರಡು ದಂಡೆಗಳನ್ನೂ ಬಿಡಿಸಿಕೊಂಡು, ಗಿಡಮರಗಳನ್ನು ನೆಟ್ಟು, ಜನರು ನಡೆದಾಡಲು ದಾರಿ ಮಾಡುವ ಈ ಬಗೆಯ ಯೋಜನೆಗೆ ನಾವು ಇಲ್ಲಿ ‘ಹಸುರುದಾರಿ’ ಎಂಬ ಹೆಸರನ್ನು ಬಳಸುತ್ತೇವೆ.

ಉದ್ಯಾನಕ್ಕೂ ಹಸುರುದಾರಿಗೂ ಭೇದವುಂಟು. ಉದ್ಯಾನವು ಒಂದು ಸ್ಥಳ. ಜನರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಹಸುರುದಾರಿಯು ಒಂದು ಗೆರೆ. ಅದು ಮನೆಯನ್ನೂ ಶಾಲೆಯನ್ನೂ ಪೇಟೆಯನ್ನೂ ರೈಲು ನಿಲ್ದಾಣವನ್ನೂ ಮುಟ್ಟುತ್ತ ಸಾಗುತ್ತದೆ. ಆದುದರಿಂದ ಅದರ ಗುಣವು ಅದರ ವಿಸ್ತೀರ್ಣಕ್ಕಿಂತ ಹೆಚ್ಚಾಗಿ ಅದರ ಅವಿಚ್ಛಿನ್ನತೆಯನ್ನು ಅವಲಂಬಿಸಿದೆ. ನಡುವೆ ಎಲ್ಲಿಯಾದರೂ ಒಂದು ಕಡೆ ತುಂಡಾದರೆ ಉಳಿದ ಭಾಗಗಳ ಪ್ರಯೋಜನವೂ ಕುಗ್ಗುತ್ತದೆ.

ಈ ವಿಷಯವನ್ನು ಸಾಮಾನ್ಯ ಸೂತ್ರಗಳ ಮೂಲಕ ಹೇಳುವುದಕ್ಕಿಂತ ಒಂದೇ ನದಿಯ ಚರಿತ್ರೆಯನ್ನು ಹಿಡಿದು ವಿವರಿಸುವುದು ಮೇಲೆಂದು ತೋರಿ, ನ್ಯೂಯಾರ್ಕ್ ನಗರದ ಬ್ರಾಂಕ್ಸ್ ನದಿಯನ್ನು ಆರಿಸಿಕೊಂಡಿದ್ದೇವೆ. ಇದಕ್ಕೆ ಕಾರಣವಿದೆ. ಈ ನದಿ ಒಂದೇ ಶತಮಾನದಲ್ಲಿ ಎರಡು ಸಲ ಉದ್ಧಾರಗೊಂಡಿತು. ಮೊದಲನೆಯ ಸಲ ಸರಕಾರ ನೇಮಿಸಿದ ಆಯೋಗವೊಂದು ಮೇಲಿನಿಂದ ಕೈಕೊಂಡ ಕಾರ್ಯ. ಎರಡನೆಯ ಸಲ ನದಿಯ ಕೆಳದಂಡೆಯ ಬಡ ನಿವಾಸಿಗಳು ತಾವಾಗಿ ಆರಂಭಿಸಿದ ಕಾರ್ಯ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ನದಿಯನ್ನು ಚೊಕ್ಕಟಗೊಳಿಸುವುದು ಬೇರೆ, ಅದನ್ನು ಜನರಿಗೆ ಒಪ್ಪಿಸುವುದು ಬೇರೆ ಎಂಬುದು ಸ್ಪಷ್ಟಪಡುತ್ತದೆ.

೨. ನದಿಯ ಪಾತ್ರ ಮತ್ತು ಅವನತಿ

ಬ್ರಾಂಕ್ಸ್ ನದಿ ದೊಡ್ಡದಲ್ಲ. ನ್ಯೂಯಾರ್ಕ್ ನಗರದ ಉತ್ತರಕ್ಕಿರುವ ವೆಸ್ಟ್‌ಚೆಸ್ಟರ್ ಕೌಂಟಿಯಲ್ಲಿ, ಕೆನ್ಸಿಕೊ ಜಲಾಶಯದ ಆಸುಪಾಸಿನಲ್ಲಿ ಹುಟ್ಟಿ, ದಕ್ಷಿಣಾಭಿಮುಖವಾಗಿ ಸುಮಾರು ೩೭ ಕಿಲೋಮೀಟರು ಹರಿದು, ಈಸ್ಟ್ ರಿವರ್ ಎಂಬ ಜಲಸಂಧಿಯನ್ನು ಸೇರುತ್ತದೆ. ಕೊನೆಯ ಸುಮಾರು ೧೩ ಕಿಲೋಮೀಟರು ನಗರದ ಬ್ರಾಂಕ್ಸ್ ವಿಭಾಗದೊಳಗಿದೆ. ಹಡ್ಸನ್, ಈಸ್ಟ್ ರಿವರ್ ಮೊದಲಾದುವು ನಗರದ ಸುತ್ತ ಇದ್ದರೂ ಅಲ್ಲಿ ಅವು ಕಡಲಿನ ಭರತ ಇಳಿತಗಳಿಗೆ ಒಳಗಾದ ಉಪ್ಪುನೀರಿನ ಹರವುಗಳು. ನಗರದ ಏಕೈಕ ಸಿಹಿನೀರಿನ ನದಿಯೆಂದು ಹೆಸರಾದುದು ಬ್ರಾಂಕ್ಸ್ ಒಂದೇ. ಇದರಲ್ಲಿಯೂ ಅಳಿವೆಯ ಸಮೀಪದ ಭಾಗದಲ್ಲಿ ಉಪ್ಪುನೀರು ಬೆರೆಯುತ್ತದೆ. ಮೂಲನಿವಾಸಿಗಳು ಇದನ್ನು ಅಕ್ವಹಂಗ್ ಎಂದು ಕರೆಯುತ್ತಿದ್ದರು. ೧೬೩೯ರಲ್ಲಿ ಇದರ ಬಳಿ ನೆಲಸಿದ ಯೋನಾಸ್ ಬ್ರಾಂಕ್ ಎಂಬ ವಲಸೆಗಾರನ ಹೆಸರು ಮೊದಲು ನದಿಗೂ ಅನಂತರ ಆ ವಿಭಾಗಕ್ಕೂ ಅಂಟಿಕೊಂಡಿತು.

ನದಿಯ ಅವನತಿಯ ಕ್ರಮವು ಯಾವ ಕೈಗಾರಿಕಾ ಪ್ರದೇಶಕ್ಕೂ ಹೊಂದುವಂಥದು. ಮೊದಲು ಬಂದುವು ನೀರಿನ ಬಲದಿಂದ ತಿರುಗುವ ಗಿರಣಿಗಳು ಮತ್ತು ಅವುಗಳಿಗಾಗಿ ಕಟ್ಟಿದ ಒಡ್ಡುಗಳು. ಹೊಗೆಸೊಪ್ಪನ್ನು ನಶ್ಯವಾಗಿ ಅರೆಯುತ್ತಿದ್ದ ಲಾರಿಲಾರ್ಡ್ ಗಿರಣಿಯ ಕಲ್ಲು ಕಟ್ಟಡ ಇಂದಿಗೂ ನಿಂತಿದೆ. ಒಡ್ಡುಗಳು ಕಡಲಿನಿಂದ ಮೊಟ್ಟೆಯಿಡಲು ಮೇಲೇರಿ ಬರುತ್ತಿದ್ದ ಮೀನುಗಳ ದಾರಿಯನ್ನು ಮುಚ್ಚಿದುವು. ೧೮೪೦ರ ದಶಕದಲ್ಲಿ ನದಿಯ ಕಣಿವೆಯನ್ನೇ ಹಿಡಿದು ರೈಲುದಾರಿ ಬಂತು. ರೈಲು ಬಂದಲ್ಲಿಗೆ ಕಾರ್ಖಾನೆ, ಕಾರ್ಖಾನೆ ಬಂದಲ್ಲಿಗೆ ವಸತಿ ಬಂದುವು. ಇವೆಲ್ಲದರ ಕೊಳಚೆ ನದಿಗೆ ಬಿತ್ತು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ನದಿಯ ತಲೆಯ ಕಡೆ ಅಣೆಕಟ್ಟು ಕಟ್ಟಿ ಅಲ್ಲಿನ ನೀರನ್ನು ನಗರದ ಕುಡಿಯುವ ನೀರಿನ ವ್ಯವಸ್ಥೆಗೆ ಒಯ್ದುದರಿಂದ ನದಿಯ ಸಹಜವಾದ ಹರಿವೂ ಕಡಿಮೆಯಾಯಿತು. ಕೊಳೆ ಹೆಚ್ಚಿ ನೀರು ತಗ್ಗಿದರೆ ನದಿಯು ತನ್ನನ್ನು ತಾನೇ ತೊಳೆದುಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬ್ರಾಂಕ್ಸ್‌ನಲ್ಲಿ ಆದುದು ಇದೇ.

೩. ಮೊದಲನೆಯ ಉದ್ಧಾರ

ನದಿಯ ನಡುಭಾಗದಲ್ಲಿ ನಗರಕ್ಕೆ ಸೇರಿದ ದೊಡ್ಡ ವನಪ್ರದೇಶವೊಂದು ಉಳಿದುಕೊಂಡಿತ್ತು. ಅಲ್ಲಿ ೧೮೯೧ರಲ್ಲಿ ಸಸ್ಯೋದ್ಯಾನವೂ ೧೮೯೯ರಲ್ಲಿ ಮೃಗಾಲಯವೂ ಸ್ಥಾಪಿತವಾದುವು. ಸಸ್ಯೋದ್ಯಾನದೊಳಗಿನ ಸುಮಾರು ೫೦ ಎಕರೆ ಕಾಡು ಎಂದೂ ಕಡಿಯದ ಹಳೆಯ ಕಾಡಿನ ಅವಶೇಷ. ಈ ಎರಡು ಸಂಸ್ಥೆಗಳ ನಡುವೆ ಕೊಳಕು ನೀರು ಹರಿಯುತ್ತಿದ್ದುದು ಗಣ್ಯರ ಗಮನಕ್ಕೆ ಬಂದು, ೧೯೦೭ರಲ್ಲಿ ರಾಜ್ಯದ ಶಾಸನದ ಮೂಲಕ ಬ್ರಾಂಕ್ಸ್ ರಿವರ್ ಪಾರ್ಕ್‌ವೇ ಆಯೋಗ ರಚಿತವಾಯಿತು.

ಆಯೋಗದ ಕಾರ್ಯ ಅಸಾಧಾರಣವಾದುದು. ಮೃಗಾಲಯದ ಬಳಿಯಿಂದ ಕೆನ್ಸಿಕೊ ಅಣೆಕಟ್ಟಿನವರೆಗೆ ನದಿಯ ಎರಡು ದಡಗಳ ಭೂಮಿಯನ್ನೂ ಅದು ಕೊಂಡುಕೊಂಡಿತು. ನೂರಾರು ಕಟ್ಟಡಗಳನ್ನು ತೆಗೆಸಿತು, ಜಾಹೀರಾತು ಹಲಗೆಗಳನ್ನು ಕೀಳಿಸಿತು, ಸಾವಿರಾರು ಗಿಡಮರಗಳನ್ನು ನೆಡಿಸಿತು, ಅಲ್ಲಲ್ಲಿ ನದಿಯ ಪಾತ್ರವನ್ನೇ ತಿದ್ದಿತು. ಕಣಿವೆಯುದ್ದಕ್ಕೂ ಹಾಕಿದ ದೊಡ್ಡ ಒಳಚರಂಡಿಯೊಂದು ಮೇಲಣ ಊರುಗಳ ಕೊಳಚೆಯನ್ನು ಹಡ್ಸನ್ ನದಿಯ ಕಡೆಗೆ ತಿರುಗಿಸಿತು. ಹೀಗೆ ಸಿದ್ಧವಾದ ಹಸುರು ಪಟ್ಟಿಯ ನಡುವೆ, ನದಿಯ ಬಾಗುಬಳುಕುಗಳನ್ನು ಅನುಸರಿಸಿ ಮೋಟಾರು ರಸ್ತೆಯನ್ನು ನಿರ್ಮಿಸಲಾಯಿತು. ೧೯೨೫ರಲ್ಲಿ ಪೂರ್ತಿಯಾದ ಈ ಪಾರ್ಕ್‌ವೇ, ಉದ್ಯಾನದ ನಡುವೆ ಮೋಟಾರಿಗಾಗಿಯೇ ಹಾಕಿದ ರಸ್ತೆಗಳಲ್ಲಿ ಮೊದಮೊದಲಿನದೆಂದು ರಸ್ತೆನಿರ್ಮಾಣದ ಚರಿತ್ರೆಯಲ್ಲಿ ಸ್ಥಾನ ಪಡೆದಿದೆ.

ಈ ಕಾರ್ಯದ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡಬೇಕು. ಆಯೋಗವು ಅಂದು ಭೂಮಿಯನ್ನು ಕೊಳ್ಳದಿದ್ದರೆ ಮೇಲ್ಭಾಗದಲ್ಲಿ ನದಿಗೆ ದಂಡೆಯೆಂಬುದೇ ಉಳಿಯುತ್ತಿರಲಿಲ್ಲ. ಇದು ಅದರ ದೊಡ್ಡ ಪುಣ್ಯ. ಆದರೆ ಅದು ತೆಗೆಸಿದ ಕಟ್ಟಡಗಳಲ್ಲಿ ಬಡವರ ಮತ್ತು ಹೊಸದಾಗಿ ವಲಸೆ ಬಂದವರ ಮನೆಗಳಿದ್ದುವು. ಅವರನ್ನು ಆಯೋಗವು ನಿವಾಸಿಗಳೆಂದು ಕಾಣದೆ ನೋಟ ಕೆಡಿಸುವ ವಸ್ತುಗಳೆಂಬಂತೆ ಕಂಡಿತು. ನದಿಯ ಸೊಬಗನ್ನು ನೋಡುವ ಅವಕಾಶ ದೊರೆತುದು ಮುಖ್ಯವಾಗಿ ಆ ಕಾಲದಲ್ಲಿ ಮೋಟಾರು ಗಾಡಿ ಇದ್ದವರಿಗೆ. ಕೊಳಚೆ ಇಲ್ಲವಾಗಲಿಲ್ಲ, ಒಂದು ನದಿಯಿಂದ ಇನ್ನೊಂದು ನದಿಗೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾದ ಅಂಶವೆಂದರೆ, ಕಾರ್ಯವು ಮೃಗಾಲಯದ ಬಳಿಗೆ ಬಂದು ನಿಂತಿತು. ಅಲ್ಲಿಂದ ಕೆಳಗೆ, ಅಳಿವೆಯವರೆಗೆ, ನದಿಯು ಹಿಂದಿದ್ದಂತೆಯೇ ಉಳಿಯಿತು.

೪. ಕೆಳದಂಡೆಯ ಸ್ಥಿತಿ

ಆ ಕೆಳಭಾಗವೇ ದಕ್ಷಿಣ ಬ್ರಾಂಕ್ಸ್. ಎರಡನೆಯ ಮಹಾಯುದ್ಧವಾದ ಮೇಲೆ ರಾಬರ್ಟ್ ಮೋಸೆಸ್ ಎಂಬ ಪ್ರಬಲ ಅಧಿಕಾರಿಯ ನೇತೃತ್ವದಲ್ಲಿ ನಗರದ ಮೇಲೆ ಹೆದ್ದಾರಿಗಳ ಜಾಲವನ್ನು ಹಾಸಲಾಯಿತು. ಕ್ರಾಸ್ ಬ್ರಾಂಕ್ಸ್ ಹೆದ್ದಾರಿ ಜನನಿಬಿಡ ಕೇರಿಗಳನ್ನು ಸೀಳಿಕೊಂಡು ಅಡ್ಡಲಾಗಿ ಹೋಯಿತು. ಬ್ರಕ್ನರ್ ಹೆದ್ದಾರಿ ತೆಂಕಲಲ್ಲಿ ಹಾದಿತು. ೧೯೬೩ರಲ್ಲಿ ತೆರೆದ ಶೆರಿಡನ್ ಹೆದ್ದಾರಿ ಸುಮಾರು ೨ ಕಿಲೋಮೀಟರಿನಷ್ಟೇ ಉದ್ದವಿದ್ದರೂ ನದಿಯ ಪಡುದಂಡೆಯನ್ನು ಒತ್ತಿಕೊಂಡೇ ಸಾಗಿತು. ರೈಲುಕಂಬಿ, ಹೆದ್ದಾರಿ, ಕಾರ್ಖಾನೆಯ ಬೇಲಿ ಈ ಮೂರರ ಹಿಂದೆ ನದಿ ಅಡಗಿತು. ದಂಡೆಯಿಂದ ಕೂಗಳತೆಯಲ್ಲಿ ಬಾಳುತ್ತಿದ್ದವರಿಗೂ ಅಲ್ಲಿ ಹೊಳೆಯೊಂದಿದೆಯೆಂಬುದು ತಿಳಿಯದಂತಾಯಿತು.

೧೯೭೦ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸ್ ಆರ್ಥಿಕವಾಗಿ ಕುಸಿದುಬಿತ್ತು. ಬಾಡಿಗೆ ಮನೆಗಳು ಸಾಲುಸಾಲಾಗಿ ಬೆಂಕಿಗೆ ಆಹುತಿಯಾದುವು. ಜನರು ಸಾವಿರಗಟ್ಟಲೆಯಾಗಿ ಊರು ಬಿಟ್ಟರು. ಒಡೆಯರಿಲ್ಲದ ಜಾಗದಲ್ಲಿ ಕಸ ಸುರಿಯುವುದು ಸುಲಭ. ನದಿಯ ಪಾತ್ರದಲ್ಲಿ ಮುರಿದ ಮೋಟಾರು ಗಾಡಿಗಳೂ ಟೈರುಗಳೂ ಮನೆಯ ಹಳೆಯ ಯಂತ್ರೋಪಕರಣಗಳೂ ತುಂಬಿಕೊಂಡುವು. ಹಂಟ್ಸ್ ಪಾಯಿಂಟ್ ಎಂಬ ದಕ್ಷಿಣದ ತುದಿಯಲ್ಲಿ ನಗರಕ್ಕೆ ಆಹಾರ ಸರಬರಾಜು ಮಾಡುವ ದೊಡ್ಡ ಸಗಟು ಮಾರುಕಟ್ಟೆಗಳಿವೆ. ಅವುಗಳಿಗೆ ಹೋಗಿಬರುವ ಲಾರಿಗಳ ಹೊಗೆಯಿಂದ ಅಲ್ಲಿನ ಮಕ್ಕಳಲ್ಲಿ ಉಬ್ಬಸ ಹೆಚ್ಚು. ಅಮೆರಿಕದ ಅತ್ಯಂತ ಬಡ ಪ್ರದೇಶಗಳಲ್ಲಿ ಒಂದೆಂದು ಗಣನೆಗೆ ಬಂದಿದ್ದ ಈ ಭಾಗದಲ್ಲಿ ಮರದ ನೆರಳಾಗಲಿ ಆಟದ ಬಯಲಾಗಲಿ ವಿರಳ. ಇಂಥಲ್ಲಿ ನದಿಯನ್ನು ಕುರಿತು ಮಾತನಾಡುವುದು ವಿನೋದದ ಮಾತೆಂದು ಅನೇಕರಿಗೆ ತೋರಿರಬಹುದು. ಆದರೆ ಬಯಲೇ ಇಲ್ಲದ ಕೇರಿಗೆ ಉಳಿದಿದ್ದ ಬಯಲೆಂದರೆ ನದಿಯ ದಂಡೆಯೊಂದೇ ಎಂಬುದನ್ನು ಮರೆಯಲಾಗದು.

೫. ಎರಡನೆಯ ಉದ್ಧಾರ

೧೯೭೪ರಲ್ಲಿ ರೂತ್ ಆಂಡರ್‌ಬರ್ಗ್ ಎಂಬ ನಾಗರಿಕ ಮಹಿಳೆ ‘ಬ್ರಾಂಕ್ಸ್ ರಿವರ್ ರೆಸ್ಟೊರೇಷನ್’ ಎಂಬ ಸಂಸ್ಥೆಯನ್ನು ಆರಂಭಿಸಿದರು. ಬ್ರಾಂಕ್ಸಿನ ಪೋಲೀಸು ಅಧಿಕಾರಿ ಆಂಟನಿ ಬೂಜಾ ಅವರ ಬೆಂಬಲ ಇದಕ್ಕೆ ದೊರೆಯಿತು. ಅವರು ಮೊದಲು ಕೈಕೊಂಡ ಕೆಲಸ ನಕ್ಷೆ ಬರೆಯುವುದಲ್ಲ, ಕಸ ಎತ್ತುವುದು. ಈ ಅನುಕ್ರಮ ಗಮನಾರ್ಹವಾದುದು. ನದಿಯೊಳಗಿನ ಗುಡ್ಡೆ ಕರಗುತ್ತ ಬಂದಂತೆ ಅದು ನದಿಯೆಂಬುದು ಜನರ ಕಣ್ಣಿಗೆ ಕಾಣತೊಡಗಿತು. ಕಂಡುದರ ಮೇಲೆ ಹಕ್ಕು ಕೇಳುವ ಧೈರ್ಯ ಬಂತು.

ಆದರೂ ಕಾರ್ಯವು ದೊಡ್ಡದಾಗಿ ಬೆಳೆಯಲು ಎರಡು ದಶಕಗಳೇ ಬೇಕಾದುವು. ೧೯೯೦ರ ದಶಕದಲ್ಲಿ ಕೆಳದಂಡೆಯ ಕೇರಿಗಳಲ್ಲಿ ಯುವಕರ ಸಂಘಗಳು ಹುಟ್ಟಿದುವು. ಅಲೆಕ್ಸೀ ಟೋರೆಸ್ ಫ್ಲೆಮಿಂಗ್ ಅವರು ೧೯೯೪ರಲ್ಲಿ ಸ್ಥಾಪಿಸಿದ ‘ಯೂತ್ ಮಿನಿಸ್ಟ್ರೀಸ್ ಫಾರ್ ಪೀಸ್ ಅಂಡ್ ಜಸ್ಟಿಸ್’ ಅವುಗಳಲ್ಲಿ ಒಂದು. ೧೯೯೭ರಲ್ಲಿ ಹತ್ತಾರು ಸಂಘಸಂಸ್ಥೆಗಳೂ ನಗರದ ಉದ್ಯಾನ ಇಲಾಖೆಯೂ ಕೂಡಿ ಒಂದು ಕಾರ್ಯಮಂಡಲಿ ರಚಿಸಿಕೊಂಡುವು. ಅದೇ ೨೦೦೧ರಲ್ಲಿ ‘ಬ್ರಾಂಕ್ಸ್ ರಿವರ್ ಅಲಯನ್ಸ್’ ಎಂಬ ಸ್ಥಿರ ಸಂಸ್ಥೆಯಾಯಿತು. ಆ ಪ್ರದೇಶದ ಪ್ರತಿನಿಧಿ ಹೋಸೆ ಸೆರಾನೊ ಅವರು ಕೇಂದ್ರ ಸರಕಾರದಿಂದ ಹಣ ತಂದುಕೊಟ್ಟರು.

ಈ ಕಾಲದ ಮೂರು ಪ್ರಸಂಗಗಳು ಇಡೀ ಕಾರ್ಯದ ಸ್ವರೂಪವನ್ನು ತಿಳಿಸಬಲ್ಲವು.

ಮೊದಲನೆಯದು ಹಂಟ್ಸ್ ಪಾಯಿಂಟಿನದು. ಅಲ್ಲಿ ನದಿಯ ಕಡೆಗೆ ಹೋಗಿ ಮುಗಿಯುವ ಒಂದು ಬೀದಿಯ ತುದಿ ಕಸ ಸುರಿಯುವ ತಾಣವಾಗಿತ್ತು. ಮಜೋರಾ ಕಾರ್ಟರ್ ಎಂಬ ಅಲ್ಲಿನ ನಿವಾಸಿ ಸರಕಾರದ ೧೦,೦೦೦ ಡಾಲರಿನ ಸಣ್ಣ ಸಹಾಯದ್ರವ್ಯವನ್ನು ಆಧಾರ ಮಾಡಿಕೊಂಡು ನೆರೆಹೊರೆಯವರನ್ನು ಕೂಡಿಸಿದರು. ಆ ಬೀದಿಯ ತುದಿಯೇ ಮುಂದೆ ಹಂಟ್ಸ್ ಪಾಯಿಂಟ್ ರಿವರ್‌ಸೈಡ್ ಉದ್ಯಾನವಾಯಿತು. ಉದ್ಯಾನ ಚಿಕ್ಕದು. ಆದರೆ ಆ ಕೇರಿಯವರು ಹಲವು ದಶಕಗಳ ಬಳಿಕ ನೀರಿನ ಅಂಚಿಗೆ ಇಳಿದುದು ಅಲ್ಲಿಯೇ.

ಎರಡನೆಯದು ಕಾಂಕ್ರೀಟು ಕಾರ್ಖಾನೆಯದು. ನದಿಯ ಪಡುದಂಡೆಯಲ್ಲಿದ್ದ ಈ ಕಾರ್ಖಾನೆ ೧೯೮೭ರಲ್ಲಿ ಮುಚ್ಚಿತು. ಜಾಗವನ್ನು ಹರಾಜು ಹಾಕುವ ಹವಣಿಕೆ ನಡೆದಾಗ ಕೇರಿಯ ಯುವಕರು ಪ್ರತಿಭಟಿಸಿ ಅದನ್ನು ಉದ್ಯಾನ ಇಲಾಖೆಗೆ ವಹಿಸುವಂತೆ ಮಾಡಿದರು. ಹಳೆಯ ಟೈರುಗಳನ್ನು ಹೊರಕ್ಕೆ ಎಳೆದು, ದಂಡೆಯಲ್ಲಿ ಉಪ್ಪುನೀರಿನ ಜವುಗುಹುಲ್ಲನ್ನು ಮರಳಿ ನೆಟ್ಟು, ೨೦೦೯ರಲ್ಲಿ ಸುಮಾರು ೭ ಎಕರೆಯ ಉದ್ಯಾನವನ್ನು ತೆರೆಯಲಾಯಿತು. ಕಾರ್ಖಾನೆಯ ಎತ್ತರದ ಕಣಜಗಳನ್ನು ಕೆಡವದೆ ಬಣ್ಣ ಬಳಿದು ಉಳಿಸಿಕೊಂಡಿದ್ದಾರೆ. ಉದ್ಯಾನಗಳಲ್ಲಿ ಹಣ್ಣು ಸೊಪ್ಪು ಕೀಳುವುದನ್ನು ನಗರದ ನಿಯಮಗಳು ನಿಷೇಧಿಸುತ್ತವೆ. ಈ ಉದ್ಯಾನದ ಒಂದು ಭಾಗದಲ್ಲಿ ಮಾತ್ರ ಜನರು ತಿನ್ನಬಹುದಾದ ಗಿಡಗಳನ್ನು ಬೆಳಸಿ, ಕಿತ್ತುಕೊಂಡು ಹೋಗಲು ಅವಕಾಶವಿತ್ತಿದ್ದಾರೆ.

ಮೂರನೆಯದು ಶೆರಿಡನ್ ಹೆದ್ದಾರಿಯದು. ಇದನ್ನು ವಿಸ್ತರಿಸಬೇಕೆಂದು ರಾಜ್ಯದ ಇಲಾಖೆ ಬಯಸಿತ್ತು. ತೆಗೆಯಬೇಕೆಂದು ಕೇರಿಯ ಸಂಘಗಳು ವಾದಿಸಿದುವು. ವಾದ ಎರಡು ದಶಕಗಳ ಕಾಲ ನಡೆಯಿತು. ಕಡೆಗೆ ೨೦೧೭ರಲ್ಲಿ ರಾಜ್ಯ ಸರಕಾರ ಒಪ್ಪಿ, ೨೦೧೯ರ ಕೊನೆಯ ಹೊತ್ತಿಗೆ ಅದನ್ನು ಪಾದಚಾರಿಗಳು ದಾಟಬಹುದಾದ ಸಾಮಾನ್ಯ ಬೀದಿಯಾಗಿ ಮಾರ್ಪಡಿಸಿತು. ಅರ್ಧ ಶತಮಾನಕ್ಕೂ ಮೀರಿ ಜನರಿಗೂ ನದಿಗೂ ನಡುವೆ ಇದ್ದ ಗೋಡೆ ಹೀಗೆ ಇಳಿಯಿತು.

೬. ಹಸುರುದಾರಿಯ ರಚನೆ

ಮೇಲಿನ ವೃತ್ತಾಂತದಿಂದ ಹಸುರುದಾರಿಯ ಘಟಕಗಳನ್ನು ಬಿಡಿಸಿ ಹೇಳಬಹುದು.

ಮೊದಲನೆಯದು ಭೂಮಿ. ನಗರದಲ್ಲಿ ನದಿಯ ದಂಡೆ ಒಬ್ಬರ ಕೈಯಲ್ಲಿ ಇರುವುದಿಲ್ಲ. ಬ್ರಾಂಕ್ಸಿನಲ್ಲಿ ಒಂದು ತುಂಡು ರೈಲಿನವರದು, ಇನ್ನೊಂದು ಹೆದ್ದಾರಿ ಇಲಾಖೆಯದು, ಮತ್ತೊಂದು ಖಾಸಗಿ ಕಾರ್ಖಾನೆಯದು. ಇವನ್ನು ಒಂದೊಂದಾಗಿ ಪಡೆಯಬೇಕಾದುದರಿಂದ ದಾರಿಯು ಮಣಿಗಳನ್ನು ಪೋಣಿಸಿದ ಹಾಗೆ ಬೆಳೆಯಿತು: ಮೊದಲು ಬಿಡಿ ಉದ್ಯಾನಗಳು, ಅನಂತರ ಅವನ್ನು ಕೂಡಿಸುವ ಸೇತುವೆಗಳು. ಹಳೆಯ ಪಾರ್ಕ್‌ವೇ ರಸ್ತೆಯ ಒಂದು ಭಾಗವು ಮೋಟಾರು ಸಂಚಾರ ತಪ್ಪಿದ ಮೇಲೆ ಷೂಲೇಸ್ ಉದ್ಯಾನದ ನಡಿಗೆಯ ದಾರಿಯಾಗಿದೆ. ಅಂದು ಮೋಟಾರಿಗಾಗಿ ಸಿದ್ಧಪಡಿಸಿದುದು ಇಂದು ನಡೆಯುವವರ ಪಾಲಿಗೆ ಬಂದಿದೆ.

ಎರಡನೆಯದು ಮಣ್ಣು. ಕೈಗಾರಿಕೆ ನಡೆದ ಜಾಗದಲ್ಲಿ ನೆಲದ ಮೇಲೆ ಕಾಣುವುದಕ್ಕಿಂತ ಕೆಳಗೆ ಅಡಗಿರುವುದೇ ಹೆಚ್ಚು. ಸ್ಟಾರ್‌ಲೈಟ್ ಉದ್ಯಾನದಲ್ಲಿ ಕೆಲಸ ಆರಂಭಿಸಿ ಅಗೆದಾಗ, ಹಿಂದೆ ಅಲ್ಲಿದ್ದ ಅನಿಲ ತಯಾರಿಕೆಯ ಕಾರ್ಖಾನೆಯ ವಿಷವಸ್ತುಗಳು ನೆಲದಲ್ಲಿ ಸಿಕ್ಕಿ ಕೆಲಸ ನಿಂತುಹೋಯಿತು. ಮಣ್ಣನ್ನು ಶುದ್ಧಿ ಮಾಡಿದ ಬಳಿಕ ೨೦೧೩ರಲ್ಲಿ ಮೊದಲನೆಯ ಭಾಗವೂ, ೨೦೨೩ರಲ್ಲಿ ಕಾಂಕ್ರೀಟು ಕಾರ್ಖಾನೆಯ ಉದ್ಯಾನಕ್ಕೆ ಕೂಡಿಸುವ ಎರಡನೆಯ ಭಾಗವೂ ತೆರೆದುವು. ಈ ಎರಡು ಉದ್ಯಾನಗಳ ನಡುವಿನ ಅಂತರ ಅತ್ಯಲ್ಪ. ಅದನ್ನು ದಾಟಲು ಹಿಡಿದ ಕಾಲವನ್ನು ನೋಡಿದರೆ, ಹಸುರುದಾರಿಯನ್ನು ಒಂದು ಚುನಾವಣೆಯ ಅವಧಿಯೊಳಗೆ ಮುಗಿಸುವೆವೆಂಬ ಮಾತನ್ನು ಸಂಶಯದಿಂದ ಕಾಣಬೇಕಾಗುತ್ತದೆ.

ಮೂರನೆಯದು ಜೀವಸಂಕುಲ. ದಂಡೆಯ ಗಿಡಗಳು ಅಲಂಕಾರಕ್ಕಾಗಿ ಮಾತ್ರ ಇರುವುವಲ್ಲ. ಅವುಗಳ ಬೇರು ಮಣ್ಣನ್ನು ಹಿಡಿದಿಡುತ್ತದೆ, ನೆರಳು ನೀರನ್ನು ತಂಪಾಗಿಡುತ್ತದೆ, ರಸ್ತೆಯಿಂದ ಹರಿದುಬರುವ ಕೊಳೆಯನ್ನು ಸೊಪ್ಪುಸದೆ ತಡೆಯುತ್ತದೆ. ತಂಪು ನೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗಿರುವುದರಿಂದ ಮೀನುಗಳು ಬದುಕಬಲ್ಲವು. ೨೦೦೬ರಲ್ಲಿ ಹೆರಿಂಗ್ ಜಾತಿಗೆ ಸೇರಿದ ಏಲ್‌ವೈಫ್ ಎಂಬ ಮೀನುಗಳನ್ನು, ಸುಮಾರು ೨೦೦ರಷ್ಟನ್ನು, ನದಿಯಲ್ಲಿ ಬಿಡಲಾಯಿತು. ಈ ಮೀನು ಕಡಲಿನಲ್ಲಿ ಬೆಳೆದು ಮೊಟ್ಟೆಯಿಡಲು ಹುಟ್ಟಿದ ಸಿಹಿನೀರಿಗೆ ಮರಳುವಂಥದು. ಮೂರು ವರ್ಷಗಳ ಬಳಿಕ ಕೆಲವು ಮರಳಿ ಬಂದುವು. ಅನಂತರ ೧೮೨ನೆಯ ಬೀದಿಯ ಬಳಿಯ ಹಳೆಯ ಒಡ್ಡಿಗೆ ಮೀನುಗಳು ಹತ್ತಿಹೋಗಲು ಮೆಟ್ಟಿಲಂಥ ದಾರಿಯನ್ನು ಕಟ್ಟಲಾಯಿತು. ೨೦೦೭ರಲ್ಲಿ ನದಿಯಲ್ಲಿ ಬೀವರ್ ಎಂಬ ಪ್ರಾಣಿ ಕಾಣಿಸಿಕೊಂಡಿತು. ತುಪ್ಪಳದ ವ್ಯಾಪಾರದಿಂದಾಗಿ ನಗರದಲ್ಲಿ ಎರಡು ಶತಮಾನಗಳಷ್ಟು ಹಿಂದೆಯೇ ಅಳಿದುಹೋಗಿದ್ದ ಈ ಪ್ರಾಣಿಯ ಚಿತ್ರ ನಗರದ ಅಧಿಕೃತ ಮುದ್ರೆಯಲ್ಲಿದೆ. ಮುದ್ರೆಯಲ್ಲಿ ಮಾತ್ರ ಉಳಿದಿದ್ದುದು ಮತ್ತೆ ನೀರಿಗೆ ಬಂತು. ಜನರು ಅದಕ್ಕೆ ಪ್ರತಿನಿಧಿ ಸೆರಾನೊ ಅವರ ನೆನಪಿಗಾಗಿ ಹೋಸೆ ಎಂದು ಹೆಸರಿಟ್ಟರು.

ನಾಲ್ಕನೆಯದು ಪಾಲನೆ. ನೆಟ್ಟ ಗಿಡವನ್ನು ಕಾಯುವವರಿಲ್ಲದೆ ಎಷ್ಟೋ ಯೋಜನೆಗಳು ಉದ್ಘಾಟನೆಯ ದಿನವೇ ಮುಗಿದುಹೋಗುತ್ತವೆ. ಬ್ರಾಂಕ್ಸಿನ ಸಂಸ್ಥೆಯು ನಗರದ ಉದ್ಯಾನ ಇಲಾಖೆಯೊಡನೆ ಕೂಡಿ ಕೆಲಸ ಮಾಡುತ್ತದೆ. ನೆಲ ಸರಕಾರದ್ದು, ದಿನನಿತ್ಯದ ಕಾಳಜಿ ಜನರದು. ಕಳೆ ಕೀಳುವುದು, ಬಿದ್ದ ಮರಗಳನ್ನು ತೆಗೆಯುವುದು, ತೇಲಿಬಂದ ಕಸವನ್ನು ಹಿಡಿಯುವುದು ಇವುಗಳಿಗಾಗಿ ಸಂಬಳದ ತಂಡವೊಂದಿದೆ. ನೆರೆಯ ಕೇರಿಗಳ ಜನರಿಗೆ ಅದರಲ್ಲಿ ತರಬೇತು ಮತ್ತು ಉದ್ಯೋಗ ದೊರೆತಿವೆ. ಬೇರೊಂದು ಸಂಸ್ಥೆ ಪ್ರೌಢಶಾಲೆಯ ಹುಡುಗ ಹುಡುಗಿಯರಿಂದ ಮರದ ದೋಣಿಗಳನ್ನು ಕಟ್ಟಿಸಿ ಅದೇ ನದಿಯಲ್ಲಿ ನಡೆಸುತ್ತದೆ. ದೋಣಿ ಕಟ್ಟಿದ ಹುಡುಗ ನದಿಗೆ ಕಸ ಎಸೆಯುವುದು ಅಪರೂಪ. ಎಸೆಯುವವರನ್ನು ತಡೆಯುವುದು ಹೆಚ್ಚು.

೭. ಬಗೆಹರಿಯದ ಪ್ರಶ್ನೆಗಳು

ಇಷ್ಟಾದರೂ ಬ್ರಾಂಕ್ಸ್ ನದಿ ಪೂರ್ತಿಯಾಗಿ ಗುಣಹೊಂದಿಲ್ಲ. ಇದಕ್ಕೆ ಮುಖ್ಯ ಕಾರಣ ಚರಂಡಿಯ ರಚನೆ. ನ್ಯೂಯಾರ್ಕಿನ ಹೆಚ್ಚಿನ ಭಾಗದಲ್ಲಿ ಮನೆಗಳ ಕೊಳಚೆಯೂ ರಸ್ತೆಯ ಮಳೆನೀರೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಬಿಸಿಲಿನ ದಿನಗಳಲ್ಲಿ ಇದೆಲ್ಲವೂ ಶುದ್ಧೀಕರಣ ಕೇಂದ್ರಕ್ಕೆ ಹೋಗುತ್ತದೆ. ಜೋರಾಗಿ ಮಳೆ ಬಂದರೆ ಕೊಳವೆ ತುಂಬಿ, ಹೆಚ್ಚಾದುದು ಶುದ್ಧಿಯಾಗದೆಯೆ ಹತ್ತಿರದ ನೀರಿಗೆ ಬೀಳುತ್ತದೆ. ವ್ಯವಸ್ಥೆಯನ್ನು ರಚಿಸಿರುವುದೇ ಹೀಗೆ. ಇಲ್ಲದಿದ್ದರೆ ಕೊಳಚೆ ಮನೆಗಳೊಳಕ್ಕೆ ಮರಳುವುದು. ಆದುದರಿಂದ ಮಳೆಯಾದ ಮರುದಿನ ಹಸುರುದಾರಿಯಲ್ಲಿ ನಡೆಯಬಹುದು, ನೀರನ್ನು ಮುಟ್ಟುವುದು ತರವಲ್ಲ. ಮೇಲಣ ಊರುಗಳಲ್ಲಿ ಒಳಚರಂಡಿಯ ತಪ್ಪು ಜೋಡಣೆಗಳಿಂದ ಕೊಳಚೆ ಸೋರುತ್ತಿದ್ದುದು ಈ ಶತಮಾನದ ಮೊದಲ ದಶಕದಲ್ಲಿ ಬೆಳಕಿಗೆ ಬಂದು, ರಾಜ್ಯದ ಅಟಾರ್ನಿ ಜನರಲ್ ಅವರು ಕಾನೂನಿನ ಕ್ರಮ ಕೈಕೊಳ್ಳಬೇಕಾಯಿತು. ನದಿಯ ಕೆಳಭಾಗದವರು ಎಷ್ಟೇ ದುಡಿದರೂ ಮೇಲ್ಭಾಗದವರ ಸಹಕಾರವಿಲ್ಲದೆ ನೀರು ಶುದ್ಧವಾಗದು. ನದಿಯ ಆಡಳಿತಕ್ಕೆ ಊರಿನ ಎಲ್ಲೆಗಿಂತ ಜಲಾನಯನದ ಎಲ್ಲೆಯೇ ಸರಿಯಾದುದೆಂಬ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಎರಡನೆಯ ಪ್ರಶ್ನೆ ನೆರೆಯದು. ೨೦೨೧ರ ಸೆಪ್ಟೆಂಬರ್ ೧ರ ರಾತ್ರಿ ಐಡಾ ಚಂಡಮಾರುತದ ಶೇಷವು ನ್ಯೂಯಾರ್ಕಿನ ಮೇಲೆ ಮಳೆ ಸುರಿಸಿದಾಗ ನದಿ ಉಕ್ಕಿ ಪಾರ್ಕ್‌ವೇ ರಸ್ತೆಯನ್ನು ಮುಳುಗಿಸಿತು. ಅನೇಕ ವಾಹನಗಳು ನೀರಿನಲ್ಲಿ ಸಿಕ್ಕಿಬಿದ್ದುವು. ನೆರೆಬಯಲಿನಲ್ಲಿ ಏನನ್ನು ಇಡಬೇಕೆಂಬುದನ್ನು ನದಿಯು ಇಲ್ಲಿ ತಾನೇ ಹೇಳಿಕೊಟ್ಟಂತಾಯಿತು. ಹುಲ್ಲುಬಯಲೂ ನಡಿಗೆಯ ದಾರಿಯೂ ಒಂದು ದಿನ ಮುಳುಗಿ ಮರುದಿನ ಎದ್ದರೆ ನಷ್ಟ ಅಲ್ಪ. ರಸ್ತೆ ಮುಳುಗಿದರೆ ಪ್ರಾಣಕ್ಕೇ ಅಪಾಯ.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿನವಾದುದು. ದಂಡೆ ಚೆಲುವಾದರೆ ಸುತ್ತಲಿನ ನೆಲಕ್ಕೆ ಬೆಲೆ ಏರುತ್ತದೆ. ಬೆಲೆ ಏರಿದರೆ ಬಾಡಿಗೆ ಏರುತ್ತದೆ. ಕಸ ಎತ್ತಿದವರೇ ತಾವು ಚೊಕ್ಕಟ ಮಾಡಿದ ದಂಡೆಯ ಬಳಿ ಇರಲಾರದೆ ಹೊರಡಬೇಕಾಗಿ ಬಂದೀತೆಂಬ ಭಯ ದಕ್ಷಿಣ ಬ್ರಾಂಕ್ಸಿನಲ್ಲಿ ಇದೆ. ಮೊದಲನೆಯ ಉದ್ಧಾರದಲ್ಲಿ ಬಡವರನ್ನು ಆಯೋಗ ಎಬ್ಬಿಸಿತು. ಎರಡನೆಯದರಲ್ಲಿ ಪೇಟೆಯ ಬೆಲೆ ಎಬ್ಬಿಸಿದರೆ ಫಲಿತಾಂಶದಲ್ಲಿ ಭೇದವೇನೂ ಉಳಿಯದು. ಉದ್ಯಾನವನ್ನು ಕಟ್ಟುವ ಇಲಾಖೆಗೆ ಬಾಡಿಗೆಯನ್ನು ಹಿಡಿದಿಡುವ ಅಧಿಕಾರವಿರುವುದಿಲ್ಲ. ಆದಕಾರಣ ಹಸುರುದಾರಿಯ ಯೋಜನೆಯನ್ನು ವಸತಿಯ ಯೋಜನೆಯಿಂದ ಬೇರ್ಪಡಿಸಿ ಆಲೋಚಿಸುವುದು ಯುಕ್ತವಲ್ಲವೆಂದು ನಮ್ಮ ಅಭಿಪ್ರಾಯ.

೮. ಉಪಸಂಹಾರ

ಪರದೇಶದ ಒಂದು ಹೊಳೆಯ ಕಥೆಯನ್ನು ಇಷ್ಟು ವಿಸ್ತಾರವಾಗಿ ಹೇಳಿದುದು ಅದನ್ನು ಇಲ್ಲಿ ಅನುಕರಿಸಬೇಕೆಂದಲ್ಲ. ನಮ್ಮ ವಾಚಕರ ಮನಸ್ಸಿಗೆ ಒಡನೆಯೇ ಬರಬಹುದಾದ ಬೆಂಗಳೂರಿನ ವೃಷಭಾವತಿಯ ಸ್ಥಿತಿ ಮೂಲತಃ ಬೇರೆ. ಬ್ರಾಂಕ್ಸಿನಲ್ಲಿ ವರ್ಷವಿಡೀ ಸಹಜವಾದ ನೀರಿದೆ, ಅದಕ್ಕೆ ಕೊಳಚೆ ಬೆರೆಯುತ್ತದೆ. ಬಸವನಗುಡಿಯ ನಂದಿಯ ಪಾದದಲ್ಲಿ ಹುಟ್ಟುವುದೆಂದು ಪ್ರತೀತಿಯುಳ್ಳ ವೃಷಭಾವತಿ ಮಳೆಗಾಲದ ಹೊಳೆ. ಬೇಸಗೆಯಲ್ಲಿ ಅದರಲ್ಲಿ ಹರಿಯುವುದು ಬಹುಮಟ್ಟಿಗೆ ನಗರವು ಬಳಸಿ ಬಿಟ್ಟ ನೀರೇ. ೧೯೭೪ರಿಂದ ನಗರಕ್ಕೆ ಬರತೊಡಗಿದ ಕಾವೇರಿಯ ನೀರಿನ ಒಂದು ಪಾಲು ಮನೆಮನೆಗಳನ್ನು ಹಾದು, ವೃಷಭಾವತಿಯಾಗಿ ಹರಿದು, ಅರ್ಕಾವತಿಯನ್ನು ಕೂಡಿ ಮತ್ತೆ ಕಾವೇರಿಯನ್ನೇ ಸೇರುತ್ತದೆ. ಅಲ್ಲಿ ಕೊಳಚೆಯನ್ನು ಪೂರ್ತಿಯಾಗಿ ಬೇರೆಡೆಗೆ ತಿರುಗಿಸಿದರೆ ಬೇಸಗೆಯಲ್ಲಿ ಉಳಿಯುವುದು ಒಣಗಿದ ಪಾತ್ರ. ಹೀಗಾಗಿ ದಂಡೆಯ ದಾರಿಗಿಂತ ಮೊದಲು ಬರಬೇಕಾದುದು ಬಳಸಿದ ನೀರನ್ನು ಅಲ್ಲಲ್ಲಿಯೇ ಶುದ್ಧಿ ಮಾಡಿ ನದಿಗೆ ಬಿಡುವ ಏರ್ಪಾಡು. ಅದಿಲ್ಲದೆ ದಂಡೆಗೆ ಕಲ್ಲು ಹಾಸಿ ದೀಪ ಹಚ್ಚಿದರೆ ಚರಂಡಿಗೆ ಚೌಕಟ್ಟು ಹಾಕಿದಂತಾಗುವುದು.

ಆದರೂ ಬ್ರಾಂಕ್ಸಿನ ಅನುಭವದಿಂದ ಎಲ್ಲ ಊರುಗಳಿಗೂ ಸಲ್ಲುವ ಕೆಲವು ನಿರ್ಣಯಗಳಿಗೆ ಬರಬಹುದು. ದಂಡೆಯ ಭೂಮಿಯನ್ನು ಸಾರ್ವಜನಿಕ ಒಡೆತನಕ್ಕೆ ತರುವ ಕಾರ್ಯ ಎಷ್ಟು ಬೇಗ ಆದರೆ ಅಷ್ಟು ಒಳಿತು. ೧೯೦೭ರ ಆಯೋಗದ ಸಾಧನೆಯಲ್ಲಿ ಇಂದಿಗೂ ಉಳಿದಿರುವುದು ಇದು. ದಾರಿ ಯಾರಿಗೆಂಬುದನ್ನು ದಾರಿ ಎಲ್ಲಿಗೆಂಬುದಕ್ಕಿಂತ ಮೊದಲೇ ನಿಶ್ಚಯಿಸಬೇಕು. ನೀರಿನ ಶುದ್ಧಿಯ ಹೊಣೆ ಜಲಾನಯನದ ಎಲ್ಲ ಊರುಗಳ ಮೇಲಿರಬೇಕು. ಪಾಲನೆಯ ವೆಚ್ಚವನ್ನು ನಿರ್ಮಾಣದ ವೆಚ್ಚದೊಡನೆಯೇ ಲೆಕ್ಕ ಹಾಕಬೇಕು. ಕಡೆಯದಾಗಿ, ನದಿಯ ಬಳಿ ಇಂದು ಬಾಳುತ್ತಿರುವವರು ಯೋಜನೆ ಮುಗಿದ ಮೇಲೂ ಅಲ್ಲಿಯೇ ಬಾಳುವಂತಿರಬೇಕು.

ಈ ಬಗೆಯ ಅಧ್ಯಯನಕ್ಕೆ ನಮ್ಮ ಕಾಲೇಜುಗಳಲ್ಲಿ ಅವಕಾಶ ವಿಪುಲವಾಗಿದೆ. ತಮ್ಮ ಊರಿನ ಹೊಳೆ ಅಥವಾ ರಾಜಕಾಲುವೆಯ ಒಂದು ಕಿಲೋಮೀಟರು ಉದ್ದವನ್ನು ಆರಿಸಿಕೊಂಡು, ದಂಡೆಯ ಒಡೆತನ ಯಾರದು, ಯಾವ ಯಾವ ಕೊಳವೆ ಎಲ್ಲಿ ಬಂದು ಬೀಳುತ್ತದೆ, ಬೇಸಗೆ ಮಳೆಗಾಲಗಳಲ್ಲಿ ನೀರಿನ ಮಟ್ಟವೇನು, ದಂಡೆಯಲ್ಲಿ ಬಾಳುವವರು ಯಾರು ಎಂಬ ನಾಲ್ಕು ವಿವರಗಳನ್ನು ವಿದ್ಯಾರ್ಥಿಗಳು ಒಂದು ವರ್ಷದಲ್ಲಿ ನಕ್ಷೆಗೆ ಇಳಿಸಬಹುದು. ಇಂಥ ನಕ್ಷೆಗಳು ಊರೂರಿಗೂ ಸಿದ್ಧವಾದರೆ ಮುಂದೆ ಬರುವ ಯೋಜನೆಗಳನ್ನು ತೂಗಿ ನೋಡಲು ಅಗತ್ಯವಾದ ಆಧಾರ ನಮ್ಮ ಕೈಯಲ್ಲಿರುತ್ತದೆ.